ರೇಡಿಯೇಟರ್ ಇಲ್ಲದ ಕಾರು

ಆ ಕಾರು ಬಂದು ಅಂಗಡಿಯ ಮುಂದೆ ನಿಂತಾಗ ರೇಡಿಯೇಟರ್ ಮೇಸ್ತ್ರಿ ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕೂತು ಉಗುರು ಸಂದಿಯ ಮಸಿಯನ್ನು ಕಡ್ಡಿಯಿಂದ ಕೆರೆಯುತ್ತಿದ್ದ. ಹನ್ನೊಂದು ದಿನಗಳಿಂದ ಅವನ ಅಂಗಡಿಗೆ ಒಂದೂ ರೇಡಿಯೇಟರ್ ಬಂದಿರಲಿಲ್ಲ. ಹಾಗಾಗಿ ಉಗುರುಗಳು ಎಂದೂ ಇಲ್ಲದಷ್ಟು ಚೊಕ್ಕಟವಾಗಿದ್ದವು.

ಮಾಸಿದ ಹಳದಿ ಬಣ್ಣದ ಎರಡು ಬಾಗಿಲಿನ ಹಳೇ ಸ್ಪೋರ್ಟ್ಸ್ ಕಾರು. ಛಾವಣಿ ಅವನ ಎದೆಮಟ್ಟಕ್ಕೂ ಬರುತ್ತಿರಲಿಲ್ಲ. ಬಾಗಿಲು ತೆರೆದು ಮೊದಲು ಒಂದು ಬಿಳಿ ಕ್ಯಾನ್ವಾಸ್ ಶೂ, ಆಮೇಲೆ ಇನ್ನೊಂದು, ಆಮೇಲೆ ಛಾವಣಿಯನ್ನು ಹಿಡಿದ ಒಂದು ಕೈ, ಕೊನೆಗೆ ಅರವತ್ತು ದಾಟಿದ ಒಬ್ಬ ಹೆಂಗಸು ಹೊರಬಂದರು. ದೊಡ್ಡಾಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಮೂವತ್ತೈದು ವರ್ಷ ನರ್ಸಾಗಿ ದುಡಿದು ನಿವೃತ್ತರಾದ ಸಿಸ್ಟರಮ್ಮ. ಆ ಪೇಟೆಯ ಅರ್ಧ ಜನರನ್ನು ಮೊಟ್ಟಮೊದಲು ಕೈಯಲ್ಲಿ ಹಿಡಿದವರು ಅವರೇ. ಮೇಸ್ತ್ರಿಯ ಮಗಳನ್ನೂ.

"ಬಿಸಿ ಆಗ್ತಿದೆ ಮೇಸ್ತ್ರಿ," ಅಂದರು. "ಆಯಿಲ್ ಬಿಸಿ ತೋರ್ಸೋ ಸೂಜಿ ಕೆಂಪಿಗೆ ಹೋಗ್ತಿದೆ. ಇಬ್ಬರ ಹತ್ರ ತೋರಿಸ್ದೆ. ಒಬ್ರು ಎಂಜಿನ್ ಬದಲಾಯಿಸಿ ಅಂದ್ರು, ಇನ್ನೊಬ್ರು ಕಾರನ್ನೇ ಬದಲಾಯಿಸಿ ಅಂದ್ರು. ಬಿಸಿ ಆದ್ರೆ ನಿಮ್ಮ ಹತ್ರಾನೇ ಹೋಗ್ಬೇಕು ಅಂತ ಎಲ್ಲಾರೂ ಹೇಳ್ತಾರಲ್ಲ, ಅದಕ್ಕೇ ಬಂದೆ."

ಮೇಸ್ತ್ರಿ ಹಿಗ್ಗಿನಿಂದ ಎದ್ದು ಮುಂದಿನ ಬಾನೆಟ್ ಎತ್ತಿದ. ಒಳಗೆ ಒಂದು ಸ್ಟೆಪ್ನಿ, ಪೆಟ್ರೋಲ್ ಟ್ಯಾಂಕು, ಮಡಚಿಟ್ಟ ಒಂದು ಕೊಡೆ. ಎಂಜಿನ್ ಇರಲಿಲ್ಲ. ಅವನು ಕಣ್ಣು ಕಣ್ಣು ಬಿಟ್ಟ.

"ಹಿಂದೆ," ಅಂದರು ಸಿಸ್ಟರಮ್ಮ.

ಹಿಂದಿನ ಮುಚ್ಚಳ ಎತ್ತಿದ. ಎಂಜಿನ್ ಇತ್ತು. ಅದರ ನಡುನೆತ್ತಿಯಲ್ಲಿ ತಟ್ಟೆಯಗಲದ ಒಂದು ಫ್ಯಾನು. ಅವನ ಕಣ್ಣು ಅಭ್ಯಾಸಬಲದಿಂದ ಹೋಸ್ ಪೈಪು ಹುಡುಕಿತು, ನೀರಿನ ಮುಚ್ಚಳ ಹುಡುಕಿತು. ಬಗ್ಗಿ ನೋಡಿದ, ಪಕ್ಕದಿಂದ ನೋಡಿದ, ಟಾರ್ಚ್ ತಂದು ನೋಡಿದ.

"ಇದ್ರಲ್ಲಿ ರೇಡಿಯೇಟರೇ ಇಲ್ವಲ್ಲಮ್ಮ!"

"ಇಲ್ಲ. ಗಾಳಿಯಲ್ಲೇ ತಣ್ಣಗಾಗತ್ತೆ ಅಂತ ನಮ್ಮನೆಯವರು ಹೇಳ್ತಿದ್ರು."

ಅಲ್ಲೇ ಕೈಮುಗಿದು ಕಳಿಸಿಬಿಡಬಹುದಿತ್ತು. ಆದರೆ ಮೇಸ್ತ್ರಿಯ ಬಾಯಿಂದ ಬಂದದ್ದು ಬೇರೆ ಮಾತು. "ಬಿಟ್ಟು ಹೋಗಿ, ನೋಡೋಣ," ಅಂದ. ಯಾಕೆ ಹಾಗಂದೆ ಎಂದು ಅವನಿಗೇ ಆಮೇಲೆ ತಿಳಿಯಲಿಲ್ಲ.

ಅವನು ಈ ಕಸುಬಿಗೆ ಬಂದು ಮೂವತ್ತೆಂಟು ವರ್ಷವಾಗಿತ್ತು. ಲಾರಿ, ಬಸ್ಸು, ಟ್ರ್ಯಾಕ್ಟರು, ಜನರೇಟರು, ಯಾವುದರ ರೇಡಿಯೇಟರ್ ಸೋರಿದರೂ ಅವನ ಬಳಿಗೇ ಬರುತ್ತಿತ್ತು. ತೊಟ್ಟಿಯಲ್ಲಿ ಮುಳುಗಿಸಿ ಗಾಳಿ ಊದುವುದು. ಗುಳ್ಳೆ ಎದ್ದ ಕಡೆ ಗುರುತು ಹಾಕುವುದು. ಒರೆಸಿ, ಕೆರೆದು, ಬೆಸುಗೆ ಹಾಕುವುದು. ಅದರಲ್ಲಿ ಗೊಂದಲಕ್ಕೆ ಜಾಗವೇ ಇರಲಿಲ್ಲ. ಗುಳ್ಳೆ ಎದ್ದರೆ ತೂತು, ಏಳದಿದ್ದರೆ ಇಲ್ಲ. ಅವನ ಸ್ವಂತ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿದಿತ್ತು. ಹೆಂಡತಿಯನ್ನೂ ಜನ ರೇಡಿಯೇಟರಮ್ಮ ಎಂದೇ ಕರೆಯುತ್ತಿದ್ದರು; ಮೊದಮೊದಲು ಆಕೆ ಅದಕ್ಕೆ ವಾರಗಟ್ಟಲೆ ಮುಖ ಊದಿಸಿಕೊಂಡಿದ್ದುಂಟು. ಈಚಿನ ಗಾಡಿಗಳಿಗೆ ಪ್ಲಾಸ್ಟಿಕ್ ತಲೆಯ ರೇಡಿಯೇಟರ್ ಬಂದವು. ಸೋರಿದರೆ ಯಾರೂ ರಿಪೇರಿ ಮಾಡಿಸುವುದಿಲ್ಲ, ಕಿತ್ತೆಸೆದು ಹೊಸದು ಹಾಕಿಸುತ್ತಾರೆ. ಮೇಸ್ತ್ರಿಯ ಬೆಸುಗೆ ಕಡ್ಡಿ ತಣ್ಣಗಾಗಿ ಕೂತಿತ್ತು.

ಕಾರು ಸಿಸ್ಟರಮ್ಮನ ಯಜಮಾನರದ್ದು. ಹಡಗಿನಲ್ಲಿ ಎಂಜಿನಿಯರಾಗಿದ್ದ ಅವರು ಅದನ್ನು ಎಲ್ಲಿಂದಲೋ ಹಳೆಯದಾಗಿಯೇ ಕೊಂಡು ತಂದಿದ್ದರು. ನಲವತ್ತು ವರ್ಷ ಅವರು ಓಡಿಸಿದರು, ಸಿಸ್ಟರಮ್ಮ ಪಕ್ಕದಲ್ಲಿ ಕೂತು ನೈಟ್ ಡ್ಯೂಟಿಯ ನಿದ್ದೆ ತೀರಿಸಿಕೊಂಡರು. ಅವರು ತೀರಿಹೋಗಿ ಎರಡು ವರ್ಷವಾದ ಮೇಲೆ ಸಿಸ್ಟರಮ್ಮ ಡ್ರೈವಿಂಗ್ ಸ್ಕೂಲಿಗೆ ಸೇರಿ, ಹತ್ತೊಂಬತ್ತರ ಹುಡುಗಿಯರ ಜೊತೆ ಕಲಿತು, ಎರಡನೇ ಸಲಕ್ಕೆ ಪಾಸಾಗಿ, ಶೆಡ್ಡಿನಲ್ಲಿ ಹೊದಿಕೆ ಹೊದ್ದು ನಿಂತಿದ್ದ ಕಾರನ್ನು ಹೊರಗೆ ತೆಗೆದಿದ್ದರು. ಬೆಟ್ಟದಾಚೆ ಅವರ ತಂಗಿಯ ಊರು, ನೂರ ನಲವತ್ತು ಕಿಲೋಮೀಟರ್. ತಾನೇ ಓಡಿಸಿಕೊಂಡು ಅಲ್ಲಿಗೆ ಹೋಗಬೇಕು ಎನ್ನುವುದೊಂದೇ ಅವರ ಹಟ. ಆದರೆ ಊರ ಹೊರಗಿನ ಟೋಲ್ ಗೇಟ್ ದಾಟುವಷ್ಟರಲ್ಲೇ ಸೂಜಿ ನೂರಿಪ್ಪತ್ತೈದು ಡಿಗ್ರಿಗೆ ಹೋಗಿ ಕೂರುತ್ತಿತ್ತು.

ಮರುದಿನ ಬೆಳಿಗ್ಗೆ ಮೇಸ್ತ್ರಿ ಎಲ್ಲ ಮೆಕ್ಯಾನಿಕ್ಕರೂ ಮಾಡುವ ಮೊದಲ ಕೆಲಸ ಮಾಡಿದ. ಡಿಪ್‌ಸ್ಟಿಕ್ ಎಳೆದು ಆಯಿಲ್ ಮಟ್ಟ ನೋಡಿದ. ಕಡ್ಡಿ ಒಣಗಿತ್ತು. ಒರೆಸಿ ಮತ್ತೆ ಅದ್ದಿದ. ಒಣಗಿತ್ತು. "ಆಯಿಲ್ಲೇ ಇಲ್ಲದೆ ಓಡಿಸ್ತಿದ್ದಾರೆ, ಬಿಸಿ ಆಗದೆ ಇನ್ನೇನಾಗತ್ತೆ!" ಎಂದುಕೊಂಡು, ಇಷ್ಟು ಸುಲಭದ ರೋಗಕ್ಕೆ ಎಂಜಿನ್ ಬದಲಾಯಿಸಿ ಅಂದವನನ್ನು ಮನಸ್ಸಿನಲ್ಲೇ ಬೈದು, ಮೂರು ಲೀಟರ್ ಸುರಿದ. ಸಿಸ್ಟರಮ್ಮನನ್ನು ಕರೆಸಿ, ಪಕ್ಕ ಕೂರಿಸಿಕೊಂಡು ಹೊರಟ. ಮಾರ್ಕೆಟ್ ರಸ್ತೆಯ ನಡುವೆ ಕಾರಿನ ಹಿಂದಿನಿಂದ ನೀಲಿ ಹೊಗೆ ಎದ್ದಿತು. ಹಿಂದೆ ಬರುತ್ತಿದ್ದ ಬಸ್ಸೇ ಕಾಣದಾಯಿತು. ಪಾತ್ರೆ ಅಂಗಡಿಯವನು ಎರಡು ಬಕೆಟ್ ನೀರು ಹಿಡಿದು ಓಡಿಬಂದ. ಮೇಸ್ತ್ರಿ ಕೈ ಅಡ್ಡ ಹಿಡಿದು, "ಬೇಡ, ಬೇಡ, ಬೆಂಕಿ ಅಲ್ಲ, ಆಯಿಲು!" ಎಂದು ಕೂಗಿ ಗಂಟಲು ಹರಿದುಕೊಂಡ.

ಹೊಗೆ ತಿಳಿಯಾದ ಮೇಲೆ ಸಿಸ್ಟರಮ್ಮ ಯೋಚಿಸುತ್ತಾ ಹೇಳಿದರು: "ನಮ್ಮನೆಯವರು ಆಯಿಲ್ ನೋಡುವಾಗ ಎಂಜಿನ್ ಆಫ್ ಮಾಡ್ತಿರ್ಲಿಲ್ಲ. ಚೆನ್ನಾಗಿ ಓಡಿಸಿ, ಬಿಸಿ ಮಾಡಿ, ಸಮ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಗುರ್ ಅಂತಿರುವಾಗ್ಲೇ ಕಡ್ಡಿ ಎಳೀತಿದ್ರು. ಪೆಟ್ರೋಲ್ ಬಂಕಿನವರ ಹತ್ರ ಬೈಸ್ಕೊಳ್ತಿದ್ರು ಪಾಪ."

"ಅದನ್ನ ಮೊದಲೇ ಹೇಳ್ಬಾರ್ದಿತ್ತೇನಮ್ಮ?"

"ನೀವು ಕೇಳ್ಲೇ ಇಲ್ವಲ್ಲ."

ಈ ಕಾರಿನಲ್ಲಿ ಆಯಿಲ್ ಎಂಜಿನ್ನಿನ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಪಕ್ಕದಲ್ಲಿ ಅದಕ್ಕೇ ಒಂದು ಬೇರೆ ಟ್ಯಾಂಕು. ಎಂಜಿನ್ ಆರಿಸಿದರೆ ಮಟ್ಟ ಎಲ್ಲೆಲ್ಲೋ ಹೋಗುತ್ತದೆ. ಮೂವತ್ತೆಂಟು ವರ್ಷ ಆಯಿಲ್ ನೋಡಿದ ಮೇಸ್ತ್ರಿಗೆ ಇದು ಹೊಸ ಪಾಠ. ಹಾಕಿದ್ದನ್ನೆಲ್ಲ ಬಸಿದ. ಬಸಿಯುವಾಗ ತನ್ನ ಕಾಲಡಿಯ ನೆಲವೇ ಸ್ವಲ್ಪ ಜರುಗಿದ ಹಾಗನ್ನಿಸಿತು.

ಅಲ್ಲಿಂದ ಶುರುವಾಯಿತು ನೋಡಿ ತಲೆನೋವು. ಬಿಡಿಭಾಗದ ಅಂಗಡಿಯವನು, "ತೆಳು ಆಯಿಲ್ ಹಾಕಿ, ಬೇಗ ಹರಿಯತ್ತೆ, ಬೇಗ ತಣಿಯತ್ತೆ," ಅಂದ. ಬಸ್ ಡಿಪೋದ ಹಳೇ ಗೆಳೆಯ, "ಯಾವ ಬೇಕೂಫ ಹೇಳಿದ್ದು? ಹಳೇ ಎಂಜಿನ್ನಿಗೆ ಮಂದ ಆಯಿಲ್ಲೇ ಆಗ್ಬೇಕು," ಅಂದ. ಅಳಿಯ ಮೊಬೈಲಿನಲ್ಲಿ ಮೂರು ವೀಡಿಯೊ ತೋರಿಸಿದ. ಒಂದರಲ್ಲಿ ನೂರಿಪ್ಪತ್ತು ಡಿಗ್ರಿ ಮಾಮೂಲು ಅಂದರು, ಇನ್ನೊಂದರಲ್ಲಿ ನೂರಿಪ್ಪತ್ತಾದರೆ ಎಂಜಿನ್ ಹೋಯಿತು ಅಂದರು, ಮೂರನೆಯದು ಯಾವುದೋ ಬೇರೆ ಭಾಷೆಯಲ್ಲಿತ್ತು. ಅದರಲ್ಲಿ ಮಾತಾಡುತ್ತಿದ್ದವನೇ ಎಲ್ಲರಿಗಿಂತ ಖಚಿತವಾಗಿ ಹೇಳುತ್ತಿರುವ ಹಾಗೆ ಕಂಡಿತು.

ಮೇಸ್ತ್ರಿ ಫ್ಯಾನಿನ ಬೆಲ್ಟ್ ಬದಲಾಯಿಸಿದ. ಎಂಜಿನ್ನಿನ ಮೇಲಿನ ತಗಡಿನ ಹೊದಿಕೆ ಬಿಚ್ಚಿದ. ಒಳಗೆ ಇಲಿ ಗೂಡು ಕಟ್ಟಿತ್ತು. ಚೂರುಚೂರು ಕಾಗದ, ಬಟ್ಟೆಯ ಎಳೆ, ಒಣಗಿದ ಎಲೆ. ಗಾಳಿ ಹೋಗಬೇಕಾದ ಸಂದಿಯೆಲ್ಲ ಹಾಸಿಗೆಯಾಗಿತ್ತು. "ಸಿಕ್ಕಿಬಿದ್ದೆ ಕಳ್ಳ!" ಎಂದು ಒಬ್ಬನೇ ಕುಣಿದಾಡಿದ. ಬ್ರಷ್ಷಿನಿಂದ ಉಜ್ಜಿ, ಗಾಳಿ ಊದಿ, ಫಳಫಳ ಮಾಡಿ, ಸಿಸ್ಟರಮ್ಮನನ್ನು ಕೂರಿಸಿಕೊಂಡು ಟೋಲ್ ಗೇಟಿನ ತನಕ ಹೋದ. ಸೂಜಿ ನಿಧಾನಕ್ಕೆ ಏರಿತು. ನೂರಿಪ್ಪತ್ತೈದು.

ಹಾಗಾದರೆ ಸೂಜಿಯೇ ಸುಳ್ಳು ಹೇಳುತ್ತಿರಬಹುದೆ? ಸಿಹಿತಿಂಡಿ ಅಂಗಡಿಯವನ ಪಾಕ ನೋಡುವ ಥರ್ಮಾಮೀಟರ್ ತಂದು ಆಯಿಲ್ ಟ್ಯಾಂಕಿನ ಬಾಯಿಂದ ಇಳಿಬಿಟ್ಟ. ನೂರ ಹದಿನೇಳು ತೋರಿಸಿತು. ಫ್ರಿಜ್ ರಿಪೇರಿಯವನ ಹತ್ತಿರದಿಂದ ಗುರಿಯಿಟ್ಟು ಒತ್ತಿದರೆ ಬಿಸಿ ಹೇಳುವ ಪಿಸ್ತೂಲಿನಂಥದ್ದನ್ನು ತಂದ. ಅದು ಒಂದು ಕಡೆ ತೊಂಬತ್ತು ಅಂದಿತು, ಗೇಣು ಪಕ್ಕಕ್ಕೆ ಹಿಡಿದರೆ ನೂರ ಮೂವತ್ತು ಅಂದಿತು. ಮೇಸ್ತ್ರಿ ತಲೆಯ ಮೇಲೆ ಕೈ ಹೊತ್ತು ಕೂತ. ಅವನ ಬದುಕಿನಲ್ಲಿ ಒಂದು ಪ್ರಶ್ನೆಗೆ ಒಂದೇ ಉತ್ತರ ಇರುತ್ತಿತ್ತು.

"ರೀ, ಆ ಕಾರು ಬಿಸಿಯಾಗೋದಿರಲಿ, ನೀವು ಬಿಸಿಯಾಗ್ತಿದ್ದೀರಾ," ಅಂದಳು ಹೆಂಡತಿ. "ತಟ್ಟೆಯಲ್ಲಿ ಅನ್ನ ಕಲಸಿ ಹತ್ತು ನಿಮಿಷ ಆಯ್ತು. ವಾಪಸ್ ಕೊಟ್ಬಿಡಿ."

"ಕೊಡೋದಾದ್ರೆ ಏನಂತ ಹೇಳಿ ಕೊಡ್ಲಿ? ಏನಾಗಿದೆ ಅಂತ ಗೊತ್ತಿದ್ರೆ ಆಗಲ್ಲ ಅನ್ಬಹುದು. ಗೊತ್ತೇ ಇಲ್ದೆ ಆಗಲ್ಲ ಅನ್ನೋದು ಹೇಗೆ?"

ಹೆಂಡತಿಗೆ ಈ ತರ್ಕದ ತಲೆಬುಡ ತಿಳಿಯಲಿಲ್ಲ. ಅವನಿಗೂ ಪೂರ್ತಿ ತಿಳಿದಿರಲಿಲ್ಲ.

ಈ ಎಲ್ಲ ಓಡಾಟದಲ್ಲಿ ಸಿಸ್ಟರಮ್ಮ ಸುಮ್ಮನೆ ಕೂತಿರಲಿಲ್ಲ. ಪ್ರತಿ ಸಲವೂ ತೊಡೆಯ ಮೇಲೆ ಒಂದು ನೋಟ್‌ಬುಕ್ ಇಟ್ಟುಕೊಂಡು, ಐದು ನಿಮಿಷಕ್ಕೊಮ್ಮೆ ಕೈಗಡಿಯಾರ ನೋಡಿ, ಸೂಜಿ ಎಲ್ಲಿದೆ ಎಂದು ಬರೆಯುತ್ತಿದ್ದರು. ವಾರ್ಡಿನಲ್ಲಿ ಜ್ವರದ ಪಟ್ಟಿ ಬರೆದ ಕೈ. ಒಂದು ಮಧ್ಯಾಹ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತು ಚುಕ್ಕಿಗಳನ್ನೆಲ್ಲ ಗೆರೆ ಎಳೆದು ಸೇರಿಸಿದರು.

"ಇಲ್ನೋಡಿ ಮೇಸ್ತ್ರಿ. ಆರು ಸಲ ಹೋಗಿದ್ದೀವಿ. ಆರೂ ಸಲ ಒಂದೇ ಥರ. ಹತ್ತೋದು, ಹತ್ತೋದು, ಹತ್ತೋದು. ನಡುವೆ ಒಂದ್ಸಲಾನೂ ತಗ್ಗಿಲ್ಲ. ಜ್ವರ ಅಂದ್ರೆ ಹೀಗಿರಲ್ಲ. ಒಂದು ಹಂತಕ್ಕೆ ಹೋದ್ಮೇಲೆ ಮೈ ಬೆವರತ್ತೆ, ಸ್ವಲ್ಪ ಇಳಿಯತ್ತೆ. ಇದಕ್ಕೆ ಬೆವರೋಕೆ ಜಾಗಾನೇ ಇಲ್ವಾ?"

ಮೇಸ್ತ್ರಿ ಗೆರೆಯನ್ನೇ ನೋಡಿದ. ಲಾರಿಗಳಲ್ಲಿ ಹೀಗೆ ಏರುತ್ತಲೇ ಹೋದರೆ ಅವನಿಗೆ ಅರೆನಿಮಿಷ ಸಾಕು: ನೀರು ರೇಡಿಯೇಟರಿಗೆ ಹೋಗುತ್ತಿಲ್ಲ, ಥರ್ಮೋಸ್ಟ್ಯಾಟ್ ಮುಚ್ಚಿಕೊಂಡು ಕೂತಿದೆ. ಬಿಸಿಯಾದಾಗ ತಾನಾಗಿ ತೆರೆದುಕೊಂಡು ದಾರಿ ಬಿಡಬೇಕಾದ ಪುಟ್ಟ ಕವಾಟ ಅದು. ಆದರೆ ಇಲ್ಲಿ ನೀರೂ ಇಲ್ಲ, ರೇಡಿಯೇಟರೂ ಇಲ್ಲ.

"ಇನ್ನೊಂದ್ಸಲ ಹೋಗಿಬರೋಣ ಬನ್ನಿ," ಅಂದ.

ಬಂದು ನಿಲ್ಲಿಸಿದ ಕೂಡಲೇ ಕಾರಿನ ಕೆಳಗೆ ತೂರಿದ. ಎಂಜಿನ್ನಿನ ಪಕ್ಕದಿಂದ ಎರಡು ದಪ್ಪ ಪೈಪು ಹೊರಟು, ಬಾಗಿಲ ಕೆಳಗಿನ ಅಂಚಿಗುಂಟ ಮುಂದಕ್ಕೆ ಹೋಗಿದ್ದವು. ಚಳಿಗೆ ಒಳಗೆ ಬಿಸಿ ಕಳಿಸುವ ಪೈಪು ಎಂದು ಮೊದಲ ದಿನವೇ ಅವನು ತೀರ್ಮಾನ ಮಾಡಿ, ಸಿಸ್ಟರಮ್ಮನಿಗೂ ಹಾಗೇ ಹೇಳಿ ಮುಗಿಸಿದ್ದ. ಈಗ ಕೈ ಇಟ್ಟ. ಹಿಂದಿನ ಚಕ್ರದ ಬಳಿ ಒಂದು ಲೋಹದ ಡಬ್ಬಿ. ಅದರ ತನಕ ಪೈಪು ಸುಡುತ್ತಿತ್ತು. ಡಬ್ಬಿಯಿಂದ ಮುಂದೆ ತಣ್ಣಗೆ. ಇನ್ನೊಂದು ಸಲ ಮುಟ್ಟಿದ. ಬೆರಳು ಚುರ್ರೆಂದಿತು. ಮುಂದೆ ಮುಟ್ಟಿದ. ತಣ್ಣಗೆ, ಅಡುಗೆಮನೆಯ ನಲ್ಲಿಯ ಹಾಗೆ.

ತಣ್ಣನೆಯ ಪೈಪನ್ನೇ ಸವರಿಕೊಂಡು ಬೆನ್ನ ಮೇಲೆ ತೆವಳುತ್ತಾ ಮುಂದಕ್ಕೆ ಹೋದ. ಅದು ಬಲಗಡೆಯ ಮುಂಚಕ್ರದ ಹಿಂದೆ ಮಾಯವಾಯಿತು. ಹೊರಬಂದು ಜಾಕ್ ಕೊಟ್ಟು ಚಕ್ರ ಬಿಚ್ಚಿದ. ಮಡ್‌ಗಾರ್ಡಿನ ಒಳಗೆ ಒಣಮಣ್ಣಿನ ಗೋಡೆ. ಸ್ಕ್ರೂಡ್ರೈವರಿನಿಂದ ಕುಕ್ಕಿದ. ಹೆಂಟೆ ಹೆಂಟೆಯಾಗಿ ಮಣ್ಣು ಉದುರಿತು. ಅದರ ಹಿಂದೆ, ಸಾಲು ಸಾಲು ತೆಳು ತಗಡಿನ ಹಲ್ಲುಗಳು. ಒಂದು ಪುಸ್ತಕದಷ್ಟೇ ದೊಡ್ಡದು.

ಮೇಸ್ತ್ರಿಗೆ ಅಲ್ಲೇ ನಗು ಬಂತು. ನಗುತ್ತಾ ನಗುತ್ತಾ ಕೆಮ್ಮು ಬಂತು. ಸಿಸ್ಟರಮ್ಮ ಗಾಬರಿಯಾಗಿ ಬಗ್ಗಿದರು.

"ಇದೆ ಸಿಸ್ಟರಮ್ಮ! ರೇಡಿಯೇಟರ್ ಇದೆ! ಆಯಿಲ್‌ಗೆ! ಎಂಜಿನ್ ಹಿಂದೆ ಇಟ್ಟು, ಇದನ್ನ ತಂದು ಇಲ್ಲಿ ಬಚ್ಚಿಟ್ಟಿದ್ದಾರೆ. ಇಷ್ಟು ದಿನ ನನ್ನ ಕಣ್ಣ ಮುಂದೇನೇ…"

"ಬರೀ ಗಾಳಿ ಅಂತಿದ್ರಲ್ಲ ನಮ್ಮನೆಯವರು," ಅಂದರು ಸಿಸ್ಟರಮ್ಮ. ಅವರ ಮುಖದಲ್ಲಿ ಸಂತೋಷಕ್ಕಿಂತ ಹೆಚ್ಚು ಗಲಿಬಿಲಿ ಇತ್ತು. "ನಲವತ್ತು ವರ್ಷ ನನಗೆ ಹಾಗೇ ಹೇಳಿದ್ರು. ಅವರಿಗೂ ಗೊತ್ತಿರ್ಲಿಲ್ವೋ, ಇಲ್ಲಾ ನನಗೆ ಇಷ್ಟು ಸಾಕು ಅಂದ್ಕೊಂಡ್ರೋ?"

ಮೇಸ್ತ್ರಿ ಚಕ್ರದ ನಟ್ಟುಗಳನ್ನು ಒಂದೊಂದಾಗಿ ಒರೆಸಿ ಡಬ್ಬಿಗೆ ಹಾಕಿದ.

ಹಿಂಚಕ್ರದ ಬಳಿಯ ಆ ಲೋಹದ ಡಬ್ಬಿಯೇ ಆಯಿಲಿಗೆ ದಾರಿ ಬಿಡುವ ಕವಾಟದ ಮನೆ. ಅದನ್ನು ಬಿಚ್ಚುವುದು ಸುಲಭವಾಗಲಿಲ್ಲ. ಪೈಪಿನ ತಿರುಪುಗಳು ತುಕ್ಕಿನಿಂದ ಬೆಸೆದುಹೋಗಿದ್ದವು. ಬಲ ಹಾಕಿದರೆ ಮುರಿಯುತ್ತದೆ. ಮೂರು ದಿನ ಬೆಳಿಗ್ಗೆ ಸಂಜೆ ಸೀಮೆಎಣ್ಣೆ ಬಿಟ್ಟ, ಸಣ್ಣ ಉರಿಯಲ್ಲಿ ಕಾಸಿದ, ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದ. ನಾಲ್ಕನೇ ದಿನ ಅದು ಕುಯ್ ಎಂದು ತಿರುಗಿತು. ಒಳಗಿನ ಕವಾಟವನ್ನು ಮನೆಗೆ ತಂದು, ಹೆಂಡತಿಯ ಹಾಲಿನ ಪಾತ್ರೆಯಲ್ಲಿ ನೀರಿಟ್ಟು, ಥರ್ಮಾಮೀಟರ್ ಜೊತೆ ಕುದಿಸಿದ. ಎಂಬತ್ತೈದಕ್ಕೆ ತೆರೆಯಬೇಕು. ನೀರು ಕೊತಕೊತ ಕುದಿದರೂ ಅದು ತುಟಿ ಬಿಚ್ಚಲಿಲ್ಲ.

"ಬೆಂದಿಲ್ಲ ಅನ್ಸತ್ತೆ, ಮುಚ್ಚಳ ಮುಚ್ಚಿ," ಅಂದಳು ಹೆಂಡತಿ, ಪಾತ್ರೆ ಹೋದ ಸಿಟ್ಟಿನಲ್ಲಿ.

ಸೀಮೆಎಣ್ಣೆಯಲ್ಲಿ ನೆನೆಸಿ, ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಮತ್ತೆ ಕುದಿಸಿದ. ಮತ್ತೆ ನೆನೆಸಿದ. ನಾಲ್ಕನೇ ಕುದಿಗೆ ಟಿಕ್ ಎಂದು ಸಣ್ಣ ಸದ್ದಾಗಿ ಕವಾಟ ತೆರೆಯಿತು. ಹೆಂಡತಿಯೂ ಕೂಗಿಬಿಟ್ಟಳು. ನಂಬಿಕೆ ಸಾಲದೆ ಅವನು ಹನ್ನೆರಡು ಸಲ ತಣಿಸಿ ಕುದಿಸಿದ. ಹನ್ನೊಂದು ಸಲ ತೆರೆಯಿತು. ಏಳನೇ ಸಲ ಮಾತ್ರ ಸುಮ್ಮನಿತ್ತು. ಯಾಕೆ ಎಂದು ದೇವರಾಣೆ ಗೊತ್ತಾಗಲಿಲ್ಲ.

ಬಿಡಿಭಾಗದ ಅಂಗಡಿಯವನು ಹೊಸದಕ್ಕೆ ನಾಲ್ಕು ತಿಂಗಳು ಅಂದ, ಬಂದರೆ. ಮೇಸ್ತ್ರಿ ಸಿಸ್ಟರಮ್ಮನ ಮುಂದೆ ಕೈಕಟ್ಟಿ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದ. "ಹನ್ನೆರಡರಲ್ಲಿ ಒಂದು ಸಲ ಕೈ ಕೊಡ್ತು. ಹಾಕಬೇಕೋ ಬೇಡ್ವೋ, ನನಗೆ ತಿಳೀತಾ ಇಲ್ಲ."

ಸಿಸ್ಟರಮ್ಮ ಕನ್ನಡಕ ತೆಗೆದು ಅವನನ್ನು ನೋಡಿದರು. "ಹನ್ನೊಂದು ಸಲಾನಾ? ನಮ್ಮ ವಾರ್ಡಲ್ಲಿ ಅಷ್ಟು ಗ್ಯಾರಂಟಿ ಸಿಕ್ಕಿದ್ರೆ ದೊಡ್ಡ ಡಾಕ್ಟ್ರು ರಜಾ ಹಾಕಿ ಮನೆಗೆ ಹೋಗ್ಬಿಡ್ತಿದ್ರು. ಹಾಕಿ ಮೇಸ್ತ್ರಿ. ಆದ್ರೆ ಜೊತೆಗೆ ನೀವೂ ಬನ್ನಿ."

ಭಾನುವಾರ ಬೆಳಿಗ್ಗೆ ಹೊರಟರು. ಹಿಂದೆ ಕೂರುವ ಜಾಗ ಹೆಸರಿಗೆ ಮಾತ್ರ. ಆದರೂ ರೇಡಿಯೇಟರಮ್ಮ, "ಹಾಲಿನ ಪಾತ್ರೆ ಕೊಟ್ಟಿದ್ದೀನಿ, ನಾನೂ ಬರೋಳೇ," ಎಂದು ಹತ್ತಿ, ಮಂಡಿಯನ್ನು ಗಲ್ಲಕ್ಕೆ ತಾಗಿಸಿಕೊಂಡು ಕೂತಳು. ಸಿಸ್ಟರಮ್ಮ ಸ್ಟೀರಿಂಗ್ ಹಿಡಿದರು. ನೋಟ್‌ಬುಕ್ ಮೇಸ್ತ್ರಿಯ ತೊಡೆಯ ಮೇಲೆ ಬಂತು.

ಟೋಲ್ ಗೇಟಿನ ಹತ್ತಿರ ಎಂಬತ್ತೆಂಟು. ಬೆಟ್ಟದ ಬುಡದಲ್ಲಿ ತೊಂಬತ್ತೇಳು. ಮೊದಲನೇ ತಿರುವು, ಎರಡನೇ ತಿರುವು. ಮುಂದೆ ಮರದ ದಿಮ್ಮಿ ಹೇರಿದ ಒಂದು ಲಾರಿ ತೆವಳುತ್ತಿತ್ತು. ಅದರ ಹಿಂದೆ ಇವರು. ನೂರ ನಾಲ್ಕು. ನೂರ ಒಂಬತ್ತು. ಮೇಸ್ತ್ರಿ ಐದು ನಿಮಿಷ ಕಾಯದೆ ನಿಮಿಷಕ್ಕೊಮ್ಮೆ ಬರೆಯತೊಡಗಿದ.

"ನಿಲ್ಲಿಸ್ಲಾ?" ಅಂದರು ಸಿಸ್ಟರಮ್ಮ.

ಅವನಿಗೆ ಗೊತ್ತಿರಲಿಲ್ಲ. ನಿಲ್ಲಿಸಿದರೆ ಮುಂದಿನಿಂದ ಗಾಳಿ ಇಲ್ಲ. ಓಡಿಸಿದರೆ ಏರುತ್ತದೆ. ಇವತ್ತು ಆ ಏಳನೇ ಸಲವೇ ಇರಬಹುದು. "ಇನ್ನೊಂದು ತಿರುವು," ಅಂದ. ಆ ತಿರುವಿನಲ್ಲಿ ಲಾರಿ ಪಕ್ಕಕ್ಕೆ ಸರಿದು ದಾರಿ ಕೊಟ್ಟಿತು. ಸಿಸ್ಟರಮ್ಮ ಹಲ್ಲು ಕಚ್ಚಿ ಗೇರ್ ಇಳಿಸಿ ಆಕ್ಸಿಲರೇಟರ್ ಒತ್ತಿದರು. ಕಾರು ಹೂಂಕರಿಸಿ ನುಗ್ಗಿತು, ಹಿಂದಿನಿಂದ ರೇಡಿಯೇಟರಮ್ಮ, "ಅಯ್ಯೋ ನನ್ನ ಮಂಡಿ!" ಎಂದಳು. ಸೂಜಿ ನೂರ ಒಂಬತ್ತರಲ್ಲಿ ಒಂದು ಕ್ಷಣ ನಡುಗಿತು. ಆಮೇಲೆ, ಯಾರೋ ಬೆರಳಿಟ್ಟು ಒತ್ತಿದ ಹಾಗೆ, ಇಳಿಯಿತು. ನೂರ ಐದು. ನೂರು. ತೊಂಬತ್ತಾರು. ಅಲ್ಲೇ ನಿಂತಿತು.

ಬೆಟ್ಟದ ನೆತ್ತಿಯಲ್ಲಿ ಕಾರು ನಿಲ್ಲಿಸಿ ಮೇಸ್ತ್ರಿ ಬಲಗಡೆಯ ಮುಂಚಕ್ರದ ಸಂದಿಗೆ ಕೈ ತೂರಿಸಿದ. ಒಳಗಿನಿಂದ ಬಿಸಿಗಾಳಿ ಅಂಗೈಗೆ ಬಡಿಯಿತು. ಒಂದು ನಿಮಿಷ ಹಾಗೇ ಕುಕ್ಕರಗಾಲಲ್ಲಿ ಕೂತಿದ್ದ. ಸಿಸ್ಟರಮ್ಮ ಬಂದು ತಮ್ಮ ಕೈಯನ್ನೂ ಅಲ್ಲಿ ಹಿಡಿದರು.

ಇಳಿಜಾರಿನಲ್ಲಿ ಸೂಜಿ ಎಪ್ಪತ್ತಕ್ಕೆ ಇಳಿಯಿತು. "ಈಗ ತೀರಾ ಕಮ್ಮಿ ಆಯ್ತಲ್ಲ, ಇದೂ ಕಾಯಿಲೆನಾ?" ಎಂದು ಸಿಸ್ಟರಮ್ಮ ಕೇಳಿದರು. ಮೇಸ್ತ್ರಿ, "ಗೊತ್ತಿಲ್ಲಮ್ಮ," ಅಂದ. ತಂಗಿಯ ಮನೆಯಲ್ಲಿ ಊಟವಾಯಿತು. ಆ ತಂಗಿ ಅಕ್ಕನನ್ನು ನೋಡುವುದಕ್ಕಿಂತ ಹೆಚ್ಚು ಹೊತ್ತು ಖಾಲಿ ಡ್ರೈವರ್ ಸೀಟನ್ನೇ ನೋಡುತ್ತಾ ನಿಂತಿದ್ದಳು. ವಾಪಸ್ ಬರುವಾಗ ಅರ್ಧ ದಾರಿಯಲ್ಲಿ ಸೂಜಿ ಪಟ್ಟನೆ ಸೊನ್ನೆಗೆ ಬಿತ್ತು. ಮತ್ತೆ ಏಳಲೇ ಇಲ್ಲ. ವೈರು ಹೋಯಿತೋ, ಸೂಜಿಯೇ ಸತ್ತಿತೋ. ಮೇಸ್ತ್ರಿ ಮೂಗು ಅರಳಿಸಿ ವಾಸನೆ ನೋಡಿದ, ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟ, ನಾಲ್ಕು ಕಡೆ ಇಳಿದು ಪೈಪು ಮುಟ್ಟಿದ. "ಹೋಗೋಣ," ಅಂದ. ಪ್ರತಿ ಸಲವೂ ಅದನ್ನೇ ಅಂದ, ಪ್ರತಿ ಸಲವೂ ಅನುಮಾನದಿಂದಲೇ. ಬೆಳಕಿರುವಾಗಲೇ ಮನೆ ಸೇರಿದರು.

ಮೇಸ್ತ್ರಿ ವೈರು ನೋಡಲು ದಿನ ಗೊತ್ತುಮಾಡುವಷ್ಟರಲ್ಲಿ ಸಿಸ್ಟರಮ್ಮನ ಫೋನು ಬಂತು.

"ಮೇಸ್ತ್ರಿ, ಸೂಜಿ ತಾನಾಗೇ ಸರಿಹೋಯ್ತು! ತೊಂಬತ್ತೆರಡರಲ್ಲಿ ನಿಂತಿದೆ."

"ಏನ್ ಮಾಡಿದ್ರಿ?"

"ಏನೂ ಮಾಡಿಲ್ಲ. ಬಾಗಿಲು ಸ್ವಲ್ಪ ಜೋರಾಗಿ ಹಾಕಿದೆ ಅಷ್ಟೆ."

ಖುಷಿಪಡಬೇಕೋ ಹೆದರಬೇಕೋ ಅವನಿಗೆ ತಿಳಿಯಲಿಲ್ಲ. "ಮಂಗಳವಾರ ತಂದುಬಿಡಿ, ಒಂದ್ಸಲ ನೋಡೋಣ," ಅಂದ.

"ಮಂಗಳವಾರ ಆಗಲ್ಲ. ತಂಗಿ ಊರಿಗೆ ಹೋಗ್ತಿದ್ದೀನಿ."

"ಒಬ್ರೇನಾ?"

"ಒಬ್ಳೇ. ನೂರಿಪ್ಪತ್ತು ಆದ್ರೆ ನಿಲ್ಲಿಸ್ತೀನಿ. ಕಮ್ಮಿ ಆದ್ರೆ ನಿಮಗೂ ಗೊತ್ತಿಲ್ವಲ್ಲ, ಅದಕ್ಕೆ ತಲೆ ಕೆಡಿಸ್ಕೊಳಲ್ಲ."

ಮೇಸ್ತ್ರಿ ಫೋನು ಹಿಡಿದುಕೊಂಡೇ ಎದ್ದು, ಆಯಿಲ್ ನೋಡುವಾಗ ಎಂಜಿನ್ ಆರಿಸಬಾರದು ಎಂದು ಅವರಿಗೇ ನೆನಪು ಮಾಡಿದ. ಆಚೆಯಿಂದ ದೊಡ್ಡ ನಗು ಕೇಳಿಸಿತು.